ಆರು ಶಿಲಿಂಗ್‌ನ ಪ್ರಶ್ನೆ

1995ರ ಆಗಸ್ಟ್ 27ರಂದು ಪ್ಯಾರಿಸ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ರಗ್ಬಿ ಮಂಡಳಿ, ರಗ್ಬಿ ಯೂನಿಯನ್ ಆಡುವವರಿಗೆ ಹಣ ಕೊಡಕೂಡದೆಂಬ ಹಳೆಯ ನಿಯಮವನ್ನು ತೆಗೆದುಹಾಕಿತು. ಅಲ್ಲಿಂದ ನೂರು ವರ್ಷಕ್ಕೆ ಎರಡೇ ದಿನ ಕಡಿಮೆ ಹಿಂದಕ್ಕೆ ಹೋದರೆ, 1895ರ ಆಗಸ್ಟ್ 29ರಂದು, ಇಂಗ್ಲೆಂಡಿನ ಉತ್ತರ ಭಾಗದ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಕೆಲವು ಕ್ಲಬ್‌ಗಳ ಪ್ರತಿನಿಧಿಗಳು ಇದೇ ನಿಯಮದ ಮೇಲೆ ಜಗಳವಾಡಿ ಮಾತೃಸಂಸ್ಥೆಯಿಂದ ಹೊರಬಿದ್ದಿದ್ದರು. ಈ ಎರಡು ದಿನಾಂಕಗಳ ನಡುವಿನ ಕಾಲವನ್ನು ಆಟದ ಶುದ್ಧ ಯುಗವೆಂದೂ ನಂತರದ್ದನ್ನು ಹಣದ ಯುಗವೆಂದೂ ಬಣ್ಣಿಸುವುದು ರೂಢಿ. ನನಗೆ ಈ ವಿಂಗಡಣೆ ಒಪ್ಪಿಗೆಯಿಲ್ಲ. ರಗ್ಬಿಯಲ್ಲಿ ಹಣ ಮೊದಲಿನಿಂದಲೂ ಓಡಾಡುತ್ತಿತ್ತು. ಆಟಗಾರನ ಹೊತ್ತಿಗೂ ಮೈಗೂ ತಗಲುವ ಖರ್ಚನ್ನು ಯಾರು ಹೊರಬೇಕು ಎಂಬುದಷ್ಟೇ ತಕರಾರಾಗಿತ್ತು. 1895ರಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಹೊರನಡೆಯಬೇಕಾಯಿತು. 1995ರಲ್ಲಿ ಅರ್ಧ ಉತ್ತರ ಸಿಕ್ಕಿತು. ವೃತ್ತಿಪರ ರಗ್ಬಿ ಆಟಗಾರನ ಬಾಳು ಇವತ್ತು ಹೀಗೇಕಿದೆ ಎಂದು ತಿಳಿಯಬೇಕಾದರೆ ಉಳಿದರ್ಧ ಏನಾಯಿತೆಂದು ನೋಡಬೇಕು.

ಇಂಗ್ಲೆಂಡಿನ ರಗ್ಬಿ ಫುಟ್‌ಬಾಲ್ ಯೂನಿಯನ್ ಹುಟ್ಟಿದ್ದು 1871ರ ಜನವರಿಯಲ್ಲಿ, ಲಂಡನ್ನಿನ ಪಾಲ್‌ಮಾಲ್ ರೆಸ್ಟೊರೆಂಟಿನಲ್ಲಿ. ಅಂದು ಸೇರಿದ್ದ 21 ಕ್ಲಬ್‌ಗಳವರಲ್ಲಿ ಹೆಚ್ಚಿನವರು ದುಬಾರಿ ಖಾಸಗಿ ಶಾಲೆಗಳಲ್ಲಿ ಓದಿದವರು. ಅವರಿಗೆ ಶನಿವಾರ ಬಿಡುವಿನ ದಿನ. ಕೆಲವೇ ವರ್ಷಗಳಲ್ಲಿ ಆಟ ಯಾರ್ಕ್‌ಶೈರ್, ಲ್ಯಾಂಕಾಶೈರ್‌ಗಳ ಗಿರಣಿ ಊರುಗಳಿಗೆ, ಕಲ್ಲಿದ್ದಲ ಗಣಿಯ ಊರುಗಳಿಗೆ ಇಳಿಯಿತು. 1877ರಲ್ಲಿ ಯಾರ್ಕ್‌ಶೈರ್ ಕಪ್ ಶುರುವಾದ ಮೇಲೆ ಊರಿಗೆ ಊರೇ ಮೈದಾನಕ್ಕೆ ಬರತೊಡಗಿತು, ಬಾಗಿಲಲ್ಲಿ ಟಿಕೆಟ್ ಹಣ ಕೂಡಿತು. ಆಡುವವನು ಮಾತ್ರ ಶನಿವಾರ ಮಧ್ಯಾಹ್ನದವರೆಗೆ ಮಗ್ಗದ ಮುಂದೆಯೋ ಗಣಿಯೊಳಗೋ ಇರಬೇಕಾದವನು. ಪಂದ್ಯ ಪಕ್ಕದ ಊರಿನಲ್ಲಿದ್ದರೆ ಸರಿ. ದೂರದಲ್ಲಿದ್ದರೆ ಬೆಳಗ್ಗೆಯೇ ರೈಲು ಹತ್ತಬೇಕು, ಅರ್ಧ ದಿನದ ಕೂಲಿ ಹೋಯಿತು. ಮೂಳೆ ಮುರಿದರಂತೂ ವಾರಗಟ್ಟಲೆ ಮನೆಯಲ್ಲಿ ಒಲೆ ಉರಿಯುವುದು ಕಷ್ಟ. ಅವನನ್ನು ನೋಡಲು ಜನ ಕೊಟ್ಟ ಹಣ ಕ್ಲಬ್ಬಿನ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತಿತ್ತು. ಈ ಅನ್ಯಾಯ ಎಲ್ಲರ ಕಣ್ಣಿಗೂ ಬಿದ್ದಿತ್ತು. ಪಕ್ಕದ ಫುಟ್‌ಬಾಲ್ ಸಂಸ್ಥೆ 1885ರಲ್ಲಿ ವೃತ್ತಿಪರರನ್ನು ಒಪ್ಪಿಕೊಂಡಿತು. ರಗ್ಬಿಯವರು ಅದನ್ನೇ ಎಚ್ಚರಿಕೆಯ ಗಂಟೆಯೆಂದು ಬಗೆದು, ಮರುವರ್ಷವೇ ಯಾವ ರೂಪದಲ್ಲೂ ಹಣ ಸಲ್ಲದೆಂದು ಕಾನೂನು ಮಾಡಿದರು. ಕ್ರಿಕೆಟ್‌ನಲ್ಲಿ ಜಂಟಲ್‌ಮನ್ನರೂ ಸಂಬಳದ ಆಟಗಾರರೂ ಒಂದೇ ತಂಡದಲ್ಲಿ ಆಡುತ್ತಿದ್ದರು. ಬಟ್ಟೆ ಬದಲಿಸುವ ಕೋಣೆ ಬೇರೆ, ಗೌರವ ಬೇರೆ, ಆದರೂ ಇಬ್ಬರಿಗೂ ಜಾಗವಿತ್ತು. ಆ ಭೇದ ಅಳಿದದ್ದು 1962ರಲ್ಲಿ. ರಗ್ಬಿ ಅಷ್ಟು ಸಲಿಗೆಯನ್ನೂ ಕೊಡಲಿಲ್ಲ.

ಈ ಕಾನೂನು ಹೇಗೆ ಕೆಲಸ ಮಾಡಿತೆಂಬುದು 1888ರ ಒಂದು ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಆ ವರ್ಷ ಷಾ ಮತ್ತು ಶ್ರೂಸ್‌ಬರಿ ಎಂಬ ಇಬ್ಬರು ಕ್ರಿಕೆಟಿಗರು ಲಾಭದ ಲೆಕ್ಕ ಹಾಕಿಯೇ ಬ್ರಿಟಿಷ್ ರಗ್ಬಿ ತಂಡವೊಂದನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಕರೆದೊಯ್ದರು. ಹ್ಯಾಲಿಫ್ಯಾಕ್ಸ್‌ನ ಜೆ. ಪಿ. ಕ್ಲೌಸ್ ಎಂಬ ಆಟಗಾರ ಪ್ರವಾಸಕ್ಕೆ ಬೇಕಾದ ಬಟ್ಟೆಬರೆಗೆಂದು 15 ಪೌಂಡ್ ಪಡೆದಿದ್ದ. ಹಡಗು ಹೊರಡುವ ಹೊತ್ತಿಗೆ ವಿಷಯ ಬಯಲಾಗಿ ಅವನನ್ನು ವೃತ್ತಿಪರನೆಂದು ಸಾರಲಾಯಿತು. ಭೂಮಿಯ ಆ ಬದಿಗೆ ಹೋದವನು ಒಂದೂ ಪಂದ್ಯ ಆಡದೆ ಕಾಲ ಕಳೆಯಬೇಕಾಯಿತು. ತಿಂಗಳುಗಟ್ಟಲೆ ಕೆಲಸ ಬಿಟ್ಟು ಹೋಗಲು ಒಪ್ಪಿದ ಉಳಿದವರಲ್ಲಿ ಕಾರ್ಮಿಕರೂ ಇದ್ದರು. ಅವರ ಸಂಸಾರ ಆ ತಿಂಗಳುಗಳಲ್ಲಿ ಹೇಗೆ ನಡೆಯಿತೆಂದು ಸಂಸ್ಥೆ ಕೆದಕಿ ನೋಡಲಿಲ್ಲ. ಹದಿನೈದು ಪೌಂಡಿನ ರಸೀದಿ ಸಿಕ್ಕಿಬಿದ್ದವನಿಗೆ ಮಾತ್ರ ಶಿಕ್ಷೆಯಾಯಿತು. ನಿಯಮಕ್ಕೆ ಬೇಕಾಗಿದ್ದುದು ಒಬ್ಬ ಅಪರಾಧಿ, ಅವನು ಸಿಕ್ಕಿದ.

1893ರ ಸೆಪ್ಟೆಂಬರ್ 20ರಂದು ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಪ್ಯಾಲೇಸ್ ಹೋಟೆಲಿನಲ್ಲಿ ನಡೆದ ಸಭೆ ಈ ಇತಿಹಾಸದ ನಡುಗಂಬ. ಯಾರ್ಕ್‌ಶೈರಿನ ಜೇಮ್ಸ್ ಮಿಲ್ಲರ್ ಒಂದು ಠರಾವು ಮಂಡಿಸಿದ. ಅವನು ಕೇಳಿದ್ದು ಸಂಬಳವನ್ನಲ್ಲ. ಆಡಲು ಹೋಗಿ ಕಳೆದುಕೊಂಡ ಕೂಲಿಯನ್ನಾದರೂ ತುಂಬಿಕೊಡಿ ಎಂಬಷ್ಟೇ ಕೋರಿಕೆ. ಉತ್ತರದ ಪ್ರತಿನಿಧಿಗಳು ವಿಶೇಷ ರೈಲುಗಳಲ್ಲಿ ಬಂದಿಳಿದರು. ಎದುರು ಪಕ್ಷದವರು ಬರಲಾಗದ ಕ್ಲಬ್‌ಗಳ ಮತಗಳನ್ನು ಮೊದಲೇ ಬರೆಸಿ ತಂದಿದ್ದರು. ಠರಾವು 136ಕ್ಕೆ 282 ಮತಗಳಿಂದ ಬಿದ್ದುಹೋಯಿತು. ಅಲ್ಲಿಂದ ಎರಡು ವರ್ಷಕ್ಕೆ ಹಡರ್ಸ್‌ಫೀಲ್ಡ್ ಸಭೆ. ಬೇರೆಯಾದ ಕ್ಲಬ್‌ಗಳು 'ನಾರ್ದರ್ನ್ ಯೂನಿಯನ್' ಕಟ್ಟಿಕೊಂಡು, ಕಳೆದ ಕೂಲಿಗೆ ಪ್ರತಿಯಾಗಿ ದಿನಕ್ಕೆ ಹೆಚ್ಚೆಂದರೆ ಆರು ಶಿಲಿಂಗ್ ಕೊಡಬಹುದೆಂದು ನಿಗದಿ ಮಾಡಿದವು. ಇವತ್ತು ರಗ್ಬಿ ಲೀಗ್ ಎಂದು ಕರೆಯುವ, ಹದಿಮೂರು ಜನರ ಬೇರೆಯದೇ ಆಟ ಬೆಳೆದದ್ದು ಈ ಆರು ಶಿಲಿಂಗ್‌ನಿಂದ. ಹಾಗೆಂದು ಹೊರಬಂದವರು ಕಾರ್ಮಿಕರ ಪಾಲಿನ ದೇವರುಗಳಾಗಿರಲಿಲ್ಲ. ಆ ಕ್ಲಬ್‌ಗಳನ್ನು ನಡೆಸುತ್ತಿದ್ದವರು ಗಿರಣಿ ಮಾಲೀಕರು, ವ್ಯಾಪಾರಿಗಳು. ಟಿಕೆಟ್ ಹಣದ ಮೇಲೆ ಅವರಿಗೂ ಕಣ್ಣಿತ್ತು. 1898ರಲ್ಲಿ ಅವರು ವೃತ್ತಿಪರತೆಯನ್ನು ಒಪ್ಪಿದಾಗಲೂ, ಆಟಗಾರನಿಗೆ ಬೇರೆ ಖಾಯಂ ಕೆಲಸ ಇರಲೇಬೇಕೆಂಬ ಷರತ್ತು ಹಾಕಿದರು. ಆಟವೊಂದನ್ನೇ ನಂಬಿ ಬದುಕುವ ಮನುಷ್ಯನನ್ನು ಅವರೂ ನಂಬಲಿಲ್ಲ. ಆದರೂ ಆಟಗಾರನ ಅರ್ಧ ದಿನಕ್ಕೆ ಒಂದು ಬೆಲೆಯಿದೆ, ಅದನ್ನು ಆಡಿಸುವವರು ತೆರಬೇಕು ಎಂಬ ಮಾತನ್ನು ಮೊದಲು ಕಾಗದದ ಮೇಲೆ ಬರೆದವರು ಅವರೇ.

ಯೂನಿಯನ್‌ನಲ್ಲಿ ಉಳಿದವರು ಹಣವನ್ನು ದೂರವಿಟ್ಟರೇ? ದಾಖಲೆಗಳು ಹಾಗೆ ಹೇಳುವುದಿಲ್ಲ. ವೇಲ್ಸ್‌ನ ನಾಯಕ ಆರ್ಥರ್ ಗೋಲ್ಡ್‌ಗೆ 1897ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ನ್ಯೂಪೋರ್ಟ್‌ನಲ್ಲಿ ಮನೆ ಕೊಟ್ಟರು. ಸ್ಕಾಟ್ಲೆಂಡ್, ಐರ್ಲೆಂಡ್ ಸಿಟ್ಟಾಗಿ ವೇಲ್ಸ್ ಜೊತೆ ಆಡಲು ನಿರಾಕರಿಸಿದವು. 1905ರಲ್ಲಿ ನ್ಯೂಜಿಲೆಂಡ್ ತಂಡ ಬ್ರಿಟನ್ ಪ್ರವಾಸ ಬಂದಾಗ ಆಟಗಾರರಿಗೆ ಕೈಖರ್ಚಿಗೆಂದು ದಿನಕ್ಕೆ ಮೂರು ಶಿಲಿಂಗ್ ಸಿಕ್ಕಿತು. ನ್ಯೂಜಿಲೆಂಡ್ ಮಂಡಳಿಗೆ ಉಳಿದ ಲಾಭ ಎಂಟು ಸಾವಿರ ಪೌಂಡಿಗೂ ಮಿಗಿಲು. ಅಂಥ ಪಂದ್ಯಗಳಿಗೆ ಸೇರಿದ ಜನಸಾಗರವನ್ನು ಕಂಡೇ ಇಂಗ್ಲೆಂಡಿನ ಸಂಸ್ಥೆ 1907ರಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ಜಮೀನು ಕೊಂಡು ಕ್ರೀಡಾಂಗಣ ಕಟ್ಟಿಸಿತು. ಮೂರು ಶಿಲಿಂಗ್ ಪಡೆದವರು ಲೆಕ್ಕ ಬಲ್ಲವರಾಗಿದ್ದರು. ವೆಲಿಂಗ್ಟನ್‌ನ ಅಂಚೆ ಕಚೇರಿಯ ಗುಮಾಸ್ತ ಆಲ್ಬರ್ಟ್ ಬ್ಯಾಸ್ಕರ್‌ವಿಲ್, ಇನ್ನೂ ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗ, 1907ರಲ್ಲಿ ಬೇರೊಂದು ತಂಡವನ್ನೇ ಕಟ್ಟಿದ. ಆಟಗಾರರು ತಲಾ 50 ಪೌಂಡ್ ಬಂಡವಾಳ ಹಾಕಿ ಲಾಭವನ್ನು ಹಂಚಿಕೊಳ್ಳುವ ಏರ್ಪಾಡು. 1905ರ ತಂಡದ ನಾಲ್ವರು ಅದರಲ್ಲಿದ್ದರು. ಈ ತಂಡ ಇಂಗ್ಲೆಂಡಿನ ಉತ್ತರಕ್ಕೆ ಹೋಗಿ ನಾರ್ದರ್ನ್ ಯೂನಿಯನ್ ನಿಯಮದಲ್ಲಿ ಆಡಿತು. ಮರಳುವ ದಾರಿಯಲ್ಲಿ, 1908ರಲ್ಲಿ, ಬ್ಯಾಸ್ಕರ್‌ವಿಲ್ ನ್ಯುಮೋನಿಯಾದಿಂದ ಬ್ರಿಸ್ಬೇನ್‌ನಲ್ಲಿ ತೀರಿಕೊಂಡ. ಆಟಗಾರರೇ ಮಾಲೀಕರಾದ ಆ ಪ್ರಯೋಗವನ್ನು ರಗ್ಬಿಯ ಇತಿಹಾಸ ಬರೆಯುವವರು ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಇಡೀ ಶತಮಾನದ ಅತ್ಯಂತ ಧೈರ್ಯದ ಕೆಲಸವಾಗಿ ಕಾಣುತ್ತದೆ.

ಹವ್ಯಾಸಿಯ ಹೊತ್ತಿನ ಖರ್ಚನ್ನೂ ಯಾರೋ ಒಬ್ಬರು ಹೊರುತ್ತಿದ್ದರು ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಸಾಕ್ಷಿಯಿದೆ. 1870ರ ದಶಕದಲ್ಲಿ ಕಲ್ಕತ್ತದಲ್ಲಿ ಬ್ರಿಟಿಷರು ಒಂದು ರಗ್ಬಿ ಕ್ಲಬ್ ನಡೆಸುತ್ತಿದ್ದರು. ಸೈನ್ಯದ ಅಧಿಕಾರಿಗಳು, ಕಂಪನಿಗಳ ನೌಕರರು ಅದರ ಸದಸ್ಯರು. ಪಲ್ಟನ್ ವರ್ಗವಾಗಿ ಹೋಯಿತು, ಉಳಿದವರು ಪೋಲೊ, ಟೆನಿಸ್ ಕಡೆ ವಾಲಿದರು, ಕ್ಲಬ್ 1878ರಲ್ಲಿ ಮುಚ್ಚಿತು. ಬ್ಯಾಂಕಿನಲ್ಲಿದ್ದ ಹಣವನ್ನು 270 ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ, ಒಂದು ಬಟ್ಟಲು ಮಾಡಿಸಿದರು. ಹೆಡೆಯೆತ್ತಿದ ಮೂರು ನಾಗರಗಳು ಅದರ ಹಿಡಿಗಳು, ಮುಚ್ಚಳದ ಮೇಲೊಂದು ಆನೆ. ಭಾರತೀಯ ಕುಶಲಕರ್ಮಿಗಳ ಕೈಕೆಲಸದ ಆ ಕಲ್ಕತ್ತ ಕಪ್‌ಗಾಗಿ ಇಂಗ್ಲೆಂಡ್, ಸ್ಕಾಟ್ಲೆಂಡ್ 1879ರಿಂದ ಸೆಣಸುತ್ತಿವೆ. ಹವ್ಯಾಸಿ ರಗ್ಬಿಯ ಉದಾರತೆಗೆ ಇದನ್ನು ಉದಾಹರಣೆಯಾಗಿ ಕೊಡುವುದುಂಟು. ಉದಾರತೆ ನಿಜ. ಆದರೆ ಆ ಸದಸ್ಯರ ಸಂಜೆಯ ಬಿಡುವಿಗೆ ಬೆಲೆ ತೆತ್ತದ್ದು ವಸಾಹತಿನ ಬೊಕ್ಕಸ ಮತ್ತು ವ್ಯಾಪಾರ. ಹ್ಯಾಲಿಫ್ಯಾಕ್ಸ್‌ನ ಗಿರಣಿಯವನಿಗೆ ಆ ಅನುಕೂಲವಿರಲಿಲ್ಲ.

ಹವ್ಯಾಸಿತನವನ್ನು ಒಂದು ನೈತಿಕ ತತ್ತ್ವವೆಂದು ನಂಬಿ ಬಾಳಿದವರೂ ಇದ್ದರು, ಅವರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುವುದಿಲ್ಲ. ತತ್ತ್ವವನ್ನು ಕಾಪಾಡಿದ ಸಂಸ್ಥೆಗಳ ನಡವಳಿಕೆ ಬೇರೆ. ಲೀಗ್ ಕ್ಲಬ್ಬೊಂದಕ್ಕೆ ಸಹಿ ಹಾಕಿದ ಆಟಗಾರನಿಗೆ ಯೂನಿಯನ್‌ನಲ್ಲಿ ಜೀವಮಾನದ ಬಹಿಷ್ಕಾರ; ಹಳೆಯ ಕ್ಲಬ್ಬಿನಲ್ಲಿ ಮಕ್ಕಳಿಗೆ ಆಟ ಹೇಳಿಕೊಡುವಂತೆಯೂ ಇರಲಿಲ್ಲ. 1930ರ ದಶಕದಲ್ಲಿ ದಕ್ಷಿಣ ವೇಲ್ಸ್‌ನ ಗಣಿಗಳು ಮುಚ್ಚಿದಾಗ ಎಷ್ಟೋ ಯುವಕರು ಹೊಟ್ಟೆಪಾಡಿಗೆ ಉತ್ತರದ ದಾರಿ ಹಿಡಿದರು, ಮತ್ತೆ ಊರಿನ ಮೈದಾನಕ್ಕೆ ಕಾಲಿಡಲಾರದಾದರು. 1931ರಲ್ಲಿ ಆಟಗಾರರಿಗೆ ಗುಟ್ಟಾಗಿ ಹಣ ಕೊಡುತ್ತಿದೆ ಎಂಬ ಆರೋಪದ ಮೇಲೆ ಫ್ರಾನ್ಸ್ ಜೊತೆಗಿನ ಸಂಬಂಧವನ್ನೇ ಬ್ರಿಟಿಷ್ ಸಂಸ್ಥೆಗಳು ಕಡಿದುಕೊಂಡವು. ಇಷ್ಟು ಕಟ್ಟುನಿಟ್ಟಾದ ತತ್ತ್ವ ಎರಡನೇ ಮಹಾಯುದ್ಧ ಬಂದೊಡನೆ ಸಡಿಲವಾಯಿತು: ಸೈನ್ಯದ ತಂಡಗಳಲ್ಲಿ ಲೀಗ್ ಆಟಗಾರರೂ ಯೂನಿಯನ್ ಆಡಬಹುದು ಎಂದಾಯಿತು. 1943ರಲ್ಲಿ ಹೆಡಿಂಗ್ಲಿಯಲ್ಲಿ, 1944ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಎರಡೂ ಬಣದ ಸೈನಿಕರು ಯೂನಿಯನ್ ನಿಯಮದಂತೆಯೇ ಎದುರುಬದುರಾದರು. ಎರಡು ಸಲವೂ ಗೆದ್ದವರು ಲೀಗ್‌ನವರು. ಯುದ್ಧ ಮುಗಿದ ಮೇಲೆ ಬಾಗಿಲು ಮತ್ತೆ ಮುಚ್ಚಿತು. ಹಣ ಪಡೆದವನ ಸಂಗಾತದಿಂದ ಆಟ ಕೆಡುವುದು ನಿಜವೇ ಆಗಿದ್ದರೆ ಆ ಆರು ವರ್ಷಗಳಲ್ಲಿ ಕೆಡಬೇಕಿತ್ತು.

ನನ್ನ ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಣೆಯೊಂದಿದೆ. ಹವ್ಯಾಸಿ ಯುಗ ಆಟಗಾರನಿಗೆ ಆಟದಾಚೆಗೊಂದು ಬದುಕು ಕೊಟ್ಟಿತು ಎನ್ನುತ್ತಾರೆ. ವೇಲ್ಸ್‌ನ ಜೆ. ಪಿ. ಆರ್. ವಿಲಿಯಮ್ಸ್ ಮೂಳೆ ಶಸ್ತ್ರವೈದ್ಯನಾಗಿದ್ದುಕೊಂಡೇ ಜಗತ್ತಿನ ಶ್ರೇಷ್ಠ ಫುಲ್‌ಬ್ಯಾಕ್ ಎನಿಸಿಕೊಂಡ. ಬೂಟು ಕಳಚಿದ ಮೇಲೆ ಅವನ ಕೈಯಲ್ಲಿ ವಿದ್ಯೆಯಿತ್ತು. ಈ ಮಾತಿನಲ್ಲಿ ಸತ್ಯವಿದೆ, ಇಂದಿನವರು ಕಳೆದುಕೊಂಡದ್ದೂ ಇದೇ. ಆದರೆ ಆ ಬದುಕನ್ನು ಕೊಟ್ಟದ್ದು ಅವನ ಓದು, ರಗ್ಬಿ ಸಂಸ್ಥೆಯಲ್ಲ. ಅದೇ ತಂಡದ ಬ್ಯಾರಿ ಜಾನ್ ಖ್ಯಾತಿಯ ಒತ್ತಡ ತಾಳಲಾರದೆ 1972ರಲ್ಲಿ, 27ರ ವಯಸ್ಸಿಗೆ ಆಟ ಬಿಟ್ಟ. ಗ್ಯಾರೆತ್ ಎಡ್ವರ್ಡ್ಸ್ 1978ರಲ್ಲಿ ಆತ್ಮಕಥೆ ಬರೆದು ಅದರ ಹಣವನ್ನು ತಾನೇ ಇಟ್ಟುಕೊಂಡದ್ದಕ್ಕೆ ವೃತ್ತಿಪರನೆನಿಸಿ ಬಹಿಷ್ಕೃತನಾದ. ಇಂಗ್ಲೆಂಡಿನ ಬಿಲ್ ಬೋಮಾಂಟ್, ಫ್ರ್ಯಾನ್ ಕಾಟನ್‌ರಿಗೂ ಇದೇ ಗತಿ. ತನ್ನ ಬದುಕಿನ ಕಥೆಗೂ ತಾನು ಒಡೆಯನಲ್ಲ ಎಂಬ ಸ್ಥಿತಿಯನ್ನು ಸಮತೋಲದ ಬದುಕು ಎನ್ನಲು ನನಗೆ ಮನಸ್ಸು ಬಾರದು.

1987ರಲ್ಲಿ ಮೊದಲ ವಿಶ್ವಕಪ್ ಬಂತು, ಟಿವಿ ಬಂತು, ಜಾಹೀರಾತು ಬಂತು. ಆಟಗಾರರು ನೌಕರರಂತೆ ದುಡಿಯತೊಡಗಿದರು, ಸಂಬಳವೊಂದಿಲ್ಲ. 1995ರ ಜೂನ್ 23ರಂದು, ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ದಕ್ಷಿಣ ಆಫ್ರಿಕಾ 15–12ರಿಂದ ವಿಶ್ವಕಪ್ ಗೆಲ್ಲುವ ಹಿಂದಿನ ದಿನ, ದಕ್ಷಿಣ ಗೋಳಾರ್ಧದ ಮೂರು ದೇಶಗಳ ಮಂಡಳಿಗಳು ಮಾಧ್ಯಮೋದ್ಯಮಿ ರೂಪರ್ಟ್ ಮರ್ಡೋಕ್‌ನ ಕಂಪನಿಯೊಂದಿಗೆ ಹತ್ತು ವರ್ಷಕ್ಕೆ 55 ಕೋಟಿ ಡಾಲರ್‌ಗಳ ಪ್ರಸಾರ ಒಪ್ಪಂದ ಪ್ರಕಟಿಸಿದವು. ಅತ್ತ ಕೆರ‍್ರಿ ಪ್ಯಾಕರ್‌ನ ಬೆಂಬಲವಿದ್ದ ಮತ್ತೊಂದು ಗುಂಪು ಆಟಗಾರರನ್ನೇ ನೇರವಾಗಿ ಕಂಡು ಸಹಿ ಹಾಕಿಸಿಕೊಳ್ಳುತ್ತಿತ್ತು. ಪ್ಯಾಕರ್ ಕ್ರಿಕೆಟ್‌ಗೆ 1977ರಲ್ಲಿ ಇದನ್ನೇ ಮಾಡಿದ್ದ: ಮಂಡಳಿಗಳನ್ನು ಬದಿಗಿಟ್ಟು ಆಟಗಾರರನ್ನೇ ಕೊಂಡು ತನ್ನದೇ ಸರಣಿ ನಡೆಸಿದ್ದ. ಮಂಡಳಿಗಳು ಬೆಚ್ಚಿಬಿದ್ದವು. ಎರಡು ತಿಂಗಳಲ್ಲಿ ಪ್ಯಾರಿಸ್ ತೀರ್ಮಾನ ಹೊರಬಂತು. ನೂರು ವರ್ಷ ತತ್ತ್ವವಾಗಿದ್ದುದು ಆಟಗಾರರು ಕೈತಪ್ಪುವ ಭಯಕ್ಕೆ ಒಂದು ಬೇಸಿಗೆಯಲ್ಲಿ ಕುಸಿಯಿತು. ಯಾರೂ ಕುಳಿತು ಈ ವೃತ್ತಿ ಹೇಗಿರಬೇಕು, ಎಷ್ಟು ವರ್ಷದ್ದು, ಮುಗಿದ ಮೇಲೇನು ಎಂದು ಯೋಚಿಸಲಿಲ್ಲ.

ಆ ಅವಸರದ ಗುರುತು ಇಂದಿಗೂ ಉಳಿದಿದೆ. ನ್ಯೂಜಿಲೆಂಡ್, ಐರ್ಲೆಂಡ್‌ಗಳಲ್ಲಿ ರಾಷ್ಟ್ರೀಯ ಸಂಸ್ಥೆಯೇ ಮುಖ್ಯ ಆಟಗಾರರನ್ನು ಗುತ್ತಿಗೆಗೆ ತೆಗೆದುಕೊಂಡಿತು. ಅವರು ಎಷ್ಟು ಪಂದ್ಯ ಆಡಬೇಕು, ಯಾವಾಗ ವಿಶ್ರಾಂತಿ ಎಂಬುದು ಒಂದೇ ಕೈಯಲ್ಲಿ ಉಳಿಯಿತು. ಇಂಗ್ಲೆಂಡಿನ ಸಂಸ್ಥೆ ಒಂದು ಋತು ಕಾದು ನೋಡೋಣವೆಂದು ಸುಮ್ಮನಿತ್ತು. ಅಷ್ಟರಲ್ಲಿ ಸಿರಿವಂತರು ಕ್ಲಬ್‌ಗಳನ್ನೂ ಆಟಗಾರರನ್ನೂ ಕೊಂಡಿದ್ದರು. ನ್ಯೂಕ್ಯಾಸಲ್‌ನಲ್ಲಿ ಸರ್ ಜಾನ್ ಹಾಲ್ ಹಣ ಸುರಿದ ಕ್ಲಬ್ 1998ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಅದೇ ವರ್ಷ, ಮಂಡಿಯ ಗಾಯದಿಂದ ಆಟ ಮುಗಿಸಬೇಕಾಗಿ ಬಂದ ಡೇಮಿಯನ್ ಹಾಪ್ಲಿ ಇಂಗ್ಲೆಂಡಿನ ಆಟಗಾರರ ಸಂಘ ಕಟ್ಟಿದ. ವೃತ್ತಿಯೊಂದು ಹುಟ್ಟಿ ಮೂರು ವರ್ಷದ ಮೇಲೆ, ಗಾಯಗೊಂಡವನೊಬ್ಬ ಅದಕ್ಕೊಂದು ಸಂಘ ಮಾಡಬೇಕಾಯಿತು. ಮಾಲೀಕರ ಹಣ ಬತ್ತಿದಾಗ ಏನಾಗುತ್ತದೆಂದು 2022ರಲ್ಲಿ ಎಲ್ಲರೂ ಕಂಡರು. ಸೆಪ್ಟೆಂಬರ್‌ನಲ್ಲಿ ವೂಸ್ಟರ್ ಕ್ಲಬ್ ದಿವಾಳಿ ಪ್ರಕ್ರಿಯೆಗೆ ಹೋಯಿತು, ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಆದೇಶದಿಂದ ಅಲ್ಲಿನ ಆಟಗಾರರ ಒಪ್ಪಂದಗಳು ಒಂದೇ ದಿನ ರದ್ದಾದವು. ಅದೇ ತಿಂಗಳು, ಎರಡು ಸಲ ಯೂರೋಪಿನ ಚಾಂಪಿಯನ್ ಆಗಿದ್ದ ವಾಸ್ಪ್ಸ್ ಮುಳುಗಿತು, ಮರುವರ್ಷ ಲಂಡನ್ ಐರಿಶ್. ಋತುವಿನ ನಡುವೆ ಬೀದಿಗೆ ಬಿದ್ದ ಆಟಗಾರ ಬಾಡಿಗೆ ಕಟ್ಟಲು ದಾರಿ ಹುಡುಕುವಾಗ, 1893ರಲ್ಲಿ ಅರ್ಧ ದಿನದ ಕೂಲಿ ಕಳೆದುಕೊಂಡವನಿಗಿಂತ ಅವನ ಸ್ಥಿತಿ ಭದ್ರವಾಗಿತ್ತೆಂದು ಹೇಳುವುದು ಕಷ್ಟ.

ಇದಕ್ಕಿಂತ ದೊಡ್ಡ ಬೆಲೆಯನ್ನು ಮೈ ತೆತ್ತಿದೆ. ಸ್ಕ್ರಮ್‌ನಲ್ಲಿ ಎಂಟೆಂಟು ಜನ ತೋಳು ಹೆಣೆದು, ತಲೆ ತಗ್ಗಿಸಿ ನೂಕುತ್ತಾರೆ; ಮುಂಸಾಲಿನವರ ತಲೆ ಎದುರಾಳಿಗಳ ಭುಜಗಳ ನಡುವೆ ತೂರಿರುತ್ತದೆ. ಇಂದಿನ ವೃತ್ತಿಪರ ತಂಡದಲ್ಲಿ ಆ ಎಂಟು ಜನರ ತೂಕ ಸುಮಾರು 900 ಕಿಲೋ. ಮುಂಸಾಲಿನ ನಡುವಿರುವ ಹೂಕರ್‌ನ ಎರಡೂ ತೋಳು ಪಕ್ಕದವರ ಮೇಲಿರುವುದರಿಂದ, ಕುಸಿದರೆ ನೆಲಕ್ಕೆ ಕೈ ಊರಲೂ ಆಗದು. 2013ರಲ್ಲಿ ನಿಯಮ ಬದಲಿಸಿ, ಮೊದಲು ಹಿಡಿದುಕೊಂಡು ಆಮೇಲೆ ನೂಕಬೇಕೆಂದು ಮಾಡುವವರೆಗೆ ಎರಡು ಸಾಲುಗಳು ದೂರದಿಂದ ಬಂದು ಡಿಕ್ಕಿಯಾಗುತ್ತಿದ್ದವು. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡಿನ ಹೂಕರ್ ಸ್ಟೀವ್ ಥಾಂಪ್ಸನ್ 2020ರ ಡಿಸೆಂಬರ್‌ನಲ್ಲಿ, ನಲವತ್ತೆರಡರ ವಯಸ್ಸಿನಲ್ಲಿ, ತನಗೆ ಮರೆವಿನ ರೋಗ ಡಿಮೆನ್ಷಿಯಾ ಹಿಡಿದಿದೆಯೆಂದೂ ಆ ಫೈನಲ್ ಆಡಿದ್ದೇ ನೆನಪಿಲ್ಲವೆಂದೂ ಜಗತ್ತಿಗೆ ತಿಳಿಸಿದ. ವೇಲ್ಸ್‌ನ ಆಲಿಕ್ಸ್ ಪೋಫಮ್ ಕೂಡ ಅವನ ಜೊತೆ ನಿಂತ. ಅವರೂ ಇತರ ಆಟಗಾರರೂ ಸೇರಿ ವಿಶ್ವ ರಗ್ಬಿ ಸಂಸ್ಥೆ, ಇಂಗ್ಲೆಂಡ್ ಮತ್ತು ವೇಲ್ಸ್ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದರು.

ತಲೆಗೆ ಪೆಟ್ಟು ಹವ್ಯಾಸಿ ಕಾಲದಲ್ಲೂ ಬೀಳುತ್ತಿತ್ತು, ಇದಕ್ಕೆ ಸಂಬಳವನ್ನು ಹೊಣೆ ಮಾಡುವುದೇಕೆ ಎಂದು ಕೇಳಬಹುದು. ಬೀಳುತ್ತಿತ್ತು, ಹವ್ಯಾಸಿಗಳೂ ನರಳಿದ್ದಾರೆ. ಬದಲಾದದ್ದು ಪೆಟ್ಟಿನ ಲೆಕ್ಕ. ಹಗಲು ಆಫೀಸಿಗೆ ಹೋಗಿ ವಾರಕ್ಕೆರಡು ಸಂಜೆ ಅಭ್ಯಾಸ ಮಾಡುತ್ತಿದ್ದವನ ಜಾಗದಲ್ಲಿ ಇಡೀ ವಾರ ಕ್ಲಬ್ಬಿಗೆ ಸೇರಿದವನು ಬಂದ. ಅವನ ಹೊತ್ತನ್ನು ಕೊಂಡ ಮಾಲೀಕ ಆ ಹೊತ್ತನ್ನು ಖಾಲಿ ಬಿಡಲಿಲ್ಲ. ಟ್ಯಾಕಲ್ ಅಭ್ಯಾಸದಿಂದ, ಸ್ಕ್ರಮ್ ಯಂತ್ರದಿಂದ ತುಂಬಿದ. 2021ರಲ್ಲಿ ವಿಶ್ವ ರಗ್ಬಿ ಸಂಸ್ಥೆಯೇ ಪೂರ್ಣ ಬಲದ ಡಿಕ್ಕಿಯ ಅಭ್ಯಾಸ ವಾರಕ್ಕೆ 15 ನಿಮಿಷ ಮೀರದಿರಲಿ ಎಂದು ಸಲಹೆ ಕೊಟ್ಟಿತು. ವೃತ್ತಿ ಹುಟ್ಟಿ ಇಪ್ಪತ್ತಾರು ವರ್ಷ ಆ ಮಿತಿ ಇರಲಿಲ್ಲವೆಂದೇ ಇದರರ್ಥ. ಅಪಾಯ ಗೊತ್ತಿದ್ದೇ ಸಹಿ ಹಾಕಿದ್ದಾರಲ್ಲ, ಕೈತುಂಬ ಹಣ ಪಡೆದಿದ್ದಾರಲ್ಲ ಎಂಬುದು ಇನ್ನೊಂದು ವಾದ. ಕೈತುಂಬ ಪಡೆಯುವವರು ದೇಶದ ತಂಡದ ತಾರೆಗಳು, ಬೆರಳೆಣಿಕೆಯವರು. ಮೊಣಕಾಲು ಹೋಗಬಹುದೆಂದು ಇಪ್ಪತ್ತರ ಹುಡುಗನಿಗೆ ಗೊತ್ತಿರುತ್ತದೆ, ನಲವತ್ತಕ್ಕೆ ಮಕ್ಕಳ ಹೆಸರು ಮರೆಯಬಹುದೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಕಳೆದುಕೊಂಡ ಕೂಲಿಯನ್ನು ತುಂಬಿಕೊಡುವುದು ಆಡಿಸಿದವರ ಹೊಣೆ ಎಂದು ಮಿಲ್ಲರ್ ವಾದಿಸಿದ್ದ. ಆಟ ನಿಂತ ಮೇಲೆ ದುಡಿಯಲಾಗದೆ ಹೋದ ವರ್ಷಗಳೂ ಆಟಕ್ಕೆ ಕಳೆದ ಹೊತ್ತೇ ಎಂದು ಒಪ್ಪಿದರೆ, ಅದರ ಬೆಲೆ ಯಾರದೆಂಬ ಪ್ರಶ್ನೆಗೆ ಬೇರೆ ಉತ್ತರ ನನಗೆ ಕಾಣದು.

ಈ ಪ್ರಶ್ನೆ ಈಗ ಹೊಸ ಅಂಗಳಗಳಿಗೆ ಹರಡಿದೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಏಳು ಜನರ ರಗ್ಬಿಯ ಫ್ರಾಂಚೈಸಿ ಲೀಗ್ ಮೊದಲ ಬಾರಿಗೆ ನಡೆಯಿತು, ಆರು ತಂಡಗಳಲ್ಲಿ ಒಂದು ಬೆಂಗಳೂರಿನ ಹೆಸರಿನದು. ಕೆಲವೇ ವಾರಗಳ ಆ ಲೀಗ್‌ನಲ್ಲಿ ಆಡಿದ ಭಾರತೀಯರಿಗೆ ವರ್ಷದ ಉಳಿದ ತಿಂಗಳುಗಳ ಏರ್ಪಾಡೇನು ಎಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು. ಮಹಿಳೆಯರ ಆಟದಲ್ಲಿ ಇಂಗ್ಲೆಂಡ್ 2019ರ ಜನವರಿಯಲ್ಲಿ 28 ಆಟಗಾರ್ತಿಯರಿಗೆ ಪೂರ್ಣಾವಧಿ ಗುತ್ತಿಗೆ ಕೊಟ್ಟಿತು. 2025ರ ಸೆಪ್ಟೆಂಬರ್ 27ರಂದು ಟ್ವಿಕನ್‌ಹ್ಯಾಮ್‌ನಲ್ಲಿ 81,885 ಜನರ ಮುಂದೆ ಇಂಗ್ಲೆಂಡ್ 33–13ರಿಂದ ವಿಶ್ವಕಪ್ ಗೆದ್ದಿತು. ಸೋತ ಕೆನಡಾ ತಂಡ ಆ ಮೈದಾನದವರೆಗೆ ಬಂದದ್ದು, ಹತ್ತು ಲಕ್ಷ ಡಾಲರ್ ಗುರಿಯಿಟ್ಟು ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸಿಕೊಂಡು.